ಹನ್ನೊಂದನೆಯ ಪಂಜರ

ಬೆಳಿಗ್ಗೆ ಎಂಟಕ್ಕೆ, ಬಿಯೊಬಿಯೊ ಹೊಳೆಯ ಮಂಜು
ಇನ್ನೂ ಕಿಟಕಿಗೆ ಒರಗಿ ನಿಂತಿರುವಾಗ
ಇಲಿಗಳ ತಿಂಗಳು ಓದುವುದು ನನ್ನ ಕೆಲಸ.
ತಿಂಗಳೆಂದರೆ ಅವಕ್ಕೆ ನಾಲ್ಕೇ ದಿನ, ಹೆಚ್ಚೆಂದರೆ ಐದು.

ಒಂದು ತೊಟ್ಟು ಉಪ್ಪುನೀರು, ಒಂದು ಗಾಜು, ಒಂದಿಷ್ಟು ನೀಲಿ.
ದುಂಡನೆಯ ಕೋಶಗಳು ಕಂಡರೆ, ಇವತ್ತು ರಾತ್ರಿ ಮೊಟ್ಟೆ ಹೊರಡುತ್ತದೆ.
ಈರುಳ್ಳಿ ಸಿಪ್ಪೆಯಂಥವು ಕಂಡರೆ, ಹೊರಟಾಯಿತು.
ಬರೀ ಬಿಳಿಕಣಗಳ ಸಂತೆ ನೆರೆದಿದ್ದರೆ
ಏನಿಲ್ಲ, ಕಾಯಬೇಕು.

ಹನ್ನೊಂದನೆಯ ಪಂಜರದವಳು
ಒಂಬತ್ತು ದಿನದಿಂದ ಬರೀ ಸಂತೆ.
ಅವಳ ಹೊಟ್ಟೆಯನ್ನು ಯಾರೂ ಮುಟ್ಟಿಲ್ಲ.
ಡಾಕ್ಟರ್ ಇತುರ್ರಾ ಮುಟ್ಟಿದ್ದು ತಲೆಯನ್ನು,
ಎರಡು ತಿಂಗಳ ಹಿಂದೆ, ಕೂದಲೆಳೆಯಂಥ ಸೂಜಿಯಲ್ಲಿ,
ನೆನಪು ಮಡಚಿಡುವ ಜಾಗದಲ್ಲಿ.
ಅಂದಿನಿಂದ ಮೂರ್ಛೆ. ಬಾಲ ನೆಟ್ಟಗೆ,
ಮುಂಗಾಲುಗಳು ಇಲ್ಲದ ಹಿಟ್ಟನ್ನು ನಾದುತ್ತವೆ.

ಮಿದುಳಿನ ತಳದಲ್ಲಿ, ಇತುರ್ರಾ ಹೇಳುತ್ತಾರೆ,
ಬಾದಾಮಿಯಷ್ಟು ಜಾಗ. ಅಲ್ಲಿ ಕೆಲವೇ ಕೋಶಗಳು,
ಹಳ್ಳಿಯ ಶಾಲೆಯೊಂದರ ಮಕ್ಕಳಷ್ಟು,
ಗಂಟೆಗೊಮ್ಮೆ ಗಂಟೆ ಹೊಡೆಯುತ್ತವೆ.
ಆ ಸದ್ದಿಗೆ ಪಿಟ್ಯುಟರಿ ಏಳುತ್ತದೆ,
ಅದರ ಕೂಗಿಗೆ ಅಂಡಾಶಯ
ಒಂದು ಮೊಟ್ಟೆಯ ಬೆನ್ನು ತಟ್ಟಿ ಹೋಗು ಅನ್ನುತ್ತದೆ.
ಮಗ್ಗುಲಲ್ಲೇ ಮೂರ್ಛೆಯ ಮನೆಯಿದ್ದರೆ, ಮಿಲ್ಲಾರಾಯ್,
ಗಂಟೆ ಹೊಡೆಯುವವನ ಕೈ ನಡುಗದೆ ಏನು ಮಾಡೀತು?
ಒಮ್ಮೆ ಹತ್ತು ನಿಮಿಷಕ್ಕೇ ಎರಡು ಸಲ.
ಒಮ್ಮೆ ಇಡೀ ಮಧ್ಯಾಹ್ನ ಇಲ್ಲ.

ನಾನು ತಲೆಯಾಡಿಸಿ ಬರೆದುಕೊಳ್ಳುತ್ತೇನೆ.
ನನ್ನ ಚೀಲದ ತಳದ ಮಾತ್ರೆ ಡಬ್ಬಿ ಅವರು ನೋಡಿಲ್ಲ.

ಮೊದಲ ಮುಟ್ಟು, ಮೊದಲ ಮೂರ್ಛೆ, ಒಂದೇ ವಾರ.
ಲೋತಾದ ಗಣಿಮನೆಯಲ್ಲಿ ಅಜ್ಜಿ ಕಲಿಸಿದ್ದಳು:
ನೆಲ ನಡುಗಿದರೆ ಬಾಗಿಲ ಚೌಕಟ್ಟಿನಡಿ ನಿಲ್ಲು.
ನೆಲವಲ್ಲ, ನಾನೇ ನಡುಗಿದರೆ
ಯಾವ ಚೌಕಟ್ಟು ಎಂದು ಅವಳಿಗೂ ತಿಳಿಯದೆ
ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕೆ, ಕಪ್ಪು ಚುಕ್ಕೆ.
ವರ್ಷಗಟ್ಟಲೆ ಕಪ್ಪು, ಕೆಂಪಿನ ಸೆರಗು ಹಿಡಿದೇ ಬರುತ್ತಿತ್ತು.
ನಿನ್ನ ದೇಹದಲ್ಲಿ, ಅಂದರು ಆಸ್ಪತ್ರೆಯವರು,
ಬೆಂಕಿ ಹಚ್ಚುವವಳು ಹೊತ್ತಿಗೆ ಸರಿಯಾಗಿ ಬರುತ್ತಾಳೆ.
ನೀರು ಹೊಯ್ಯುವವಳು ಬರುವುದು ಮೊಟ್ಟೆ ಹೊರಟ ಮೇಲೆ.
ಮೊಟ್ಟೆ ಹೊರಡದಿದ್ದರೆ?
ಈ ವರ್ಷ ಏಪ್ರಿಲಿನಿಂದ ಕೆಂಪೇ ಇಲ್ಲ.
ಕಪ್ಪು ಒಂಟಿಯಾಗಿ ಬರುತ್ತದೆ.

ಬಸ್ಸಿನ ಹಣೆಯ ಮೇಲೆ ದಿನವೂ ಊರಿನ ಹೆಸರು: ಕಾನ್ಸೆಪ್ಸಿಯೋನ್.
ಬಸಿರು ನಿಲ್ಲುವುದು ಅಂತ ಅರ್ಥ.
ನಕ್ಕುಬಿಡು, ಅನ್ನುತ್ತಾನೆ ಲೌತಾರೊ,
ಹಿಂದಿನ ಕೋಣೆಗೆ ಹಳದಿ ಬಳಿದು
ಈಗ ಅಲ್ಲಿ ಸೈಕಲ್ ನಿಲ್ಲಿಸುತ್ತಾನೆ.

ಯಾರಿಗೂ ಹೇಳದ್ದು ಒಂದಿದೆ.
ಸುಟ್ಟ ಹಾಲಿನ ವಾಸನೆ ಬರುತ್ತದೆ, ಬಿಟ್ಟುಹೋಗುತ್ತೇನೆ,
ಮರಳಿ ಬಂದಾಗ ಎದೆ ಬಿಗಿದಿರುತ್ತದೆ.
ಮೂರ್ಛೆಯಾದ ಕಾಲು ಗಂಟೆಗೆ ರಕ್ತದಲ್ಲಿ
ಮೊಲೆಯುಣಿಸುವವರ ಹಾರ್ಮೋನು ಏರುತ್ತದಂತೆ,
ಇತುರ್ರಾರ ಗ್ರಾಫಿನಲ್ಲೇ ಓದಿದೆ.
ಇಲ್ಲದ ಮಗುವಿಗೆ
ಮಿದುಳು ಹಾಲು ಕಳಿಸುತ್ತಿದೆ.

ಇವತ್ತು ಹತ್ತನೆಯ ದಿನ. ಗಾಜನ್ನು ಸರಿಸಿ ಕಣ್ಣಿಟ್ಟೆ.
ದುಂಡಗೆ, ನೀಲಿಯಾಗಿ, ಒಂದರ ಪಕ್ಕ ಒಂದು,
ಗೊಂಚಲು ಗೊಂಚಲು.
ಗಂಟೆ ಹೊಡೆದಿದೆ. ಆ ಗದ್ದಲದ ಮನೆಯ ಪಕ್ಕದಲ್ಲೂ
ಯಾರೋ ಕೈ ಬಿಗಿಹಿಡಿದು ಹೊಡೆದಿದ್ದಾರೆ.

ನಿಯಮ ಗೊತ್ತು. ದುಂಡು ಕಂಡ ದಿನವೇ, ಮಧ್ಯಾಹ್ನ ಎರಡಕ್ಕೆ
ತಲೆ ತೆಗೆದು, ಮಿದುಳನ್ನು ಹಾಳೆ ಹಾಳೆ ಸೀಳಿ
ಆ ಗಂಟೆ ಹೊಡೆಯುವವರ ಮಾತು ಕೇಳಬೇಕು.
ಅದರಿಂದಲೇ ನಾಳೆ ನನ್ನಂಥವಳಿಗೊಂದು ಮಾತ್ರೆ.
ಗೊತ್ತು.

ಅವಳು ಹತ್ತಿಯ ಗೂಡಿನಲ್ಲಿ ಮೀಸೆ ಒರೆಸಿಕೊಳ್ಳುತ್ತಿದ್ದಾಳೆ.
ಆರು ವರ್ಷದಲ್ಲಿ ಒಂದು ಸಾಲೂ ಸುಳ್ಳು ಬರೆದವಳಲ್ಲ.
ಪೆನ್ನಿನ ಮುಚ್ಚಳ ತೆಗೆದೆ.
ಹನ್ನೊಂದು: ಬಿಳಿಕಣಗಳು. ಕಾಯಬೇಕು.